ಮೊದಲು ಅಪಾಯ, ಆಮೇಲೆ ಕುಶಲ

ಥಾರ್ನ್‌ಸೈಡ್ ಎಂಬ ಇಂಗ್ಲಿಷ್ ಕಡಲೂರಿನ ದಂಡೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಡಲಿಗೆ ಇಳಿಯುವ ಕಾಂಕ್ರೀಟ್ ಇಳಿಜಾರಿನ ತಲೆಯಲ್ಲಿ ಒಂದು ಹಳೇ ಚಹಾ ವ್ಯಾನು ನಿಂತಿದೆ. ಒಳಗೆ ನೀರು ಕೊತಕೊತ ಕುದಿಯುತ್ತಿದೆ, ಬಾಣಲೆಯಲ್ಲಿ ಬೇಕನ್ ಎನ್ನುವ ಹಂದಿಮಾಂಸದ ಚೂರು ಚುರುಗುಟ್ಟುತ್ತಿದೆ. ಕಿಟಕಿಯಾಚೆ ರಬ್ಬರ್ ಬೂಟು ತೊಟ್ಟು ಕುಂಟೆ, ಜರಡಿ ಹಿಡಿದವರ ಸಾಲು. ಕಡಲು ಇಳಿದಾಗ ಮರಳಿನ ಬಯಲಿಗೆ ಹೋಗಿ ಕಾಕಲ್ ಎನ್ನುವ ಚಿಪ್ಪಿ ಆಯ್ದು ತರುವವರು ಇವರು. ಎಲ್ಲರ ಕೈಯಲ್ಲೂ ಮೊಬೈಲು. ಯಾರೂ ಬಾಯಿ ಬಿಟ್ಟು ಚಹಾ ಕೇಳುವಂತಿಲ್ಲ. ಕೇಳಿದರೆ ಸಿಗುವುದೂ ಇಲ್ಲ.

"ಬಾಯಿ ಎಲ್ಲರಿಗೂ ಇದೆ. ಬರೆದು ಕೇಳು," ಅನ್ನುತ್ತಾರೆ ಕಿಟಕಿಯೊಳಗಿನ ಬೆರಿಲ್ ಕ್ಲೆಗ್, ಬನ್ನಿಗೆ ಬೆಣ್ಣೆ ಸವರುತ್ತಾ.

ಬಲ್ಗೇರಿಯಾದ ರುಮೆನ್ ಹೆಬ್ಬೆರಳು ಆಡಿಸುತ್ತಾನೆ. ಒಳಗಿನ ಫೋನು ಟಿಂಗ್ ಎನ್ನುತ್ತದೆ. ಬೆರಿಲ್ ಕನ್ನಡಕ ಏರಿಸಿ ಓದುತ್ತಾರೆ. "'ಚಹಾ. ಎರಡು ಸಕ್ಕರೆ. ಬೇಗ.' ಆಹಾ! 'ಪ್ಲೀಸ್' ಎಲ್ಲಿ ಹೋಯ್ತು, ನುಂಗಿದ್ಯಾ?"

"ಚಿಕ್ಕದಾಗಿ ಬರೀಬೇಕು ಅಂತ ಹೇಳಿಕೊಟ್ಟೋರು ನೀವೇ ತಾನೇ ಟೀಚರಮ್ಮ?"

"ಮುಳುಗೋವಾಗ ಪ್ಲೀಸ್ ಬೇಡ ಕಣೋ. ಚಹಾಗೆ ಬೇಕು."

ಸಾಲಿನಲ್ಲಿ ನಗು ಏಳುತ್ತದೆ. ಆದರೆ ಆ 'ಮುಳುಗೋವಾಗ' ಅನ್ನುವ ಮಾತಿಗೆ ಎಲ್ಲರ ಕಣ್ಣೂ ಒಂದು ಗಳಿಗೆ ಆಚೆ ಕಡೆಗೆ, ಬೂದು ಬಣ್ಣದ ಆ ಬಯಲಿನ ಕಡೆಗೆ ಹೋಗಿ ಬರುತ್ತವೆ. ಇಲ್ಲಿ ಯಾರೂ ಆ ಮಾತನ್ನು ಪೂರ್ತಿ ತಮಾಷೆಗೆ ಆಡುವುದಿಲ್ಲ.

ವ್ಯಾನಿನ ಪಕ್ಕದಲ್ಲಿ ಒಂದು ಕಪ್ಪು ಹಲಗೆ ತೂಗುತ್ತದೆ. ಮೇಲ್ಗಡೆ ಬನ್ನು, ಸೂಪು, ಚಹಾ ಎಂದು ಬರೆದಿದೆ. ಕೆಳಗಡೆ ದಿನಕ್ಕೊಂದು ಇಂಗ್ಲಿಷ್ ವಾಕ್ಯ. ಇವತ್ತಿನದು: 'ಗಾಳಿ ನನ್ನ ಎಡಗೆನ್ನೆಗೆ ಬಡಿಯುತ್ತಿದೆ.' ಇದನ್ನು ನೋಡಿ ಬರೆಯುವಂತಿಲ್ಲ. ಹಲಗೆಗೆ ಬೆನ್ನು ಮಾಡಿ ನಿಂತು ಬೆರಿಲ್ ಅವರ ನಂಬರಿಗೆ ಕಳಿಸಬೇಕು. ತಪ್ಪಿದರೂ ಚಿಂತೆಯಿಲ್ಲ, ಅರ್ಥವಾದರೆ ಸಾಕು. ಅರ್ಥವಾಗದಿದ್ದರೆ ಚಹಾ ತಣ್ಣಗಾಗುವವರೆಗೆ ಮತ್ತೆ ಮತ್ತೆ ಬರೆಯಬೇಕು.

ಬೆರಿಲ್ ಅವರಿಗೆ ಈಗ ಅರವತ್ತೇಳು. ಟೀಚರಮ್ಮ ಎಂದು ಕರೆಸಿಕೊಂಡರೂ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹದಿನೈದಕ್ಕೇ ಓದು ಬಿಟ್ಟು ಸಿಗಡಿ ಸುಲಿಯುವ ಶೆಡ್ಡಿಗೆ ಸೇರಿದರು. ಆಮೇಲೆ ಶಾಲೆಯೊಂದರ ಅಡುಗೆಮನೆ, ಆಮೇಲೆ ಈ ವ್ಯಾನು. "ನನ್ನ ಸ್ಪೆಲಿಂಗ್ ನೋಡಿದ್ರೆ ನಮ್ಮ ಮೇಡಮ್ಮು ಗೋರಿಯಿಂದ ಎದ್ದು ಬಂದು ಬೆತ್ತ ಹಿಡೀತಾರೆ," ಎಂದು ತಾವೇ ನಗುತ್ತಾರೆ. ಅವರು ಕಲಿಸುವುದು ಪತ್ರವನ್ನಲ್ಲ, ಪ್ರಬಂಧವನ್ನಲ್ಲ. ಮೊಬೈಲಿನಲ್ಲಿ ದಿನಬೆಳಗಾದರೆ ಬರೆಯಬೇಕಾದ ತುಂಡು ಮಾತುಗಳನ್ನು. ಮಗುವಿಗೆ ಜ್ವರ, ಇವತ್ತು ಶಾಲೆಗೆ ಬರುವುದಿಲ್ಲ. ಹೀಟರ್ ಕೆಟ್ಟಿದೆ, ಯಾವಾಗ ಬರುತ್ತೀರಿ? ಬಸ್ಸು ತಪ್ಪಿತು. ಹಲ್ಲುನೋವು, ಡಾಕ್ಟರು ಸಿಗುತ್ತಾರಾ? ಇಂಥವು ದಿನಕ್ಕೆ ನೂರಾರು ಅವರ ಫೋನಿಗೆ ಬಂದು ಬೀಳುತ್ತವೆ. ಬನ್ನು ಸುಡುತ್ತಲೇ ಅವರು ಮನೆ ಮಾಲೀಕರಾಗಿ, ಡಾಕ್ಟರ ಗುಮಾಸ್ತೆಯಾಗಿ, ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ಉತ್ತರ ಬರೆಯುತ್ತಾರೆ. ಮಾಲೀಕನ ಪಾತ್ರದಲ್ಲಂತೂ ಬೆರಿಲ್ ಮಹಾ ಜಗಳಗಂಟಿ.

ಇದೆಲ್ಲ ಯಾಕೆ ಎಂದು ಕೇಳಿದರೆ ಸೇವೆ ಗೀವೆ ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ.

"ಪುಣ್ಯಕ್ಕಲ್ಲ, ಭಯಕ್ಕೆ. ನಾನು ಶುದ್ಧ ಪುಕ್ಕಲು ಹೆಂಗಸು. ಇವರು ಆ ಮರಳಿಗೆ ಇಳಿದ ಗಳಿಗೆಯಿಂದ ವಾಪಸ್ ಬರೋ ತನಕ ನಾನು ಆ ಕಡೆಗೇ ಕಣ್ಣು ನೆಟ್ಟಿರ್ತೀನಿ. ಬರೀ ಕೂತು ಹೆದರೋ ಬದಲು ಏನಾದ್ರೂ ಹೇಳಿಕೊಟ್ಟು ಹೆದರೋಣ ಅಂತ ಶುರು ಮಾಡಿದೆ."

ಈ ಭಯಕ್ಕೆ ಒಂದು ಮುಖವಿದೆ. ಲಿವಿಯು ಎಂಬ ರೊಮೇನಿಯಾದ ಯುವಕ ಇದೇ ಕಿಟಕಿಯಲ್ಲಿ ನಿಂತು ಚಹಾ ಕುಡಿದು ಹೋದವನು. ಅವತ್ತು ಮಂಜು ಕವಿಯಿತು, ದಾರಿ ತಪ್ಪಿದ. ಥಾರ್ನ್‌ಸೈಡಿನ ಮರಳು ಗೊತ್ತಿಲ್ಲದವರು ನೀರು ಎದುರಿನಿಂದ ಬರುತ್ತದೆ ಎಂದುಕೊಳ್ಳುತ್ತಾರೆ. ಅದು ಹಾಗೆ ಬರುವುದಿಲ್ಲ. ಮೊದಲು ಹಿಂದಿನ ಕಾಲುವೆಗಳು ಸದ್ದಿಲ್ಲದೆ ತುಂಬುತ್ತವೆ, ಮನುಷ್ಯ ನಿಂತ ಜಾಗ ನಡುಗಡ್ಡೆಯಾಗುತ್ತದೆ, ಆಮೇಲೆ ಕಾಲ ಕೆಳಗಿನ ಮರಳು ಹುದುಲಾಗುತ್ತದೆ. ಲಿವಿಯುವಿನ ಹೆಣ ಸಿಕ್ಕಿದ್ದು ಆಚೆ ದಡದಲ್ಲಿ. ಜೇಬಿನಲ್ಲಿ ಪ್ಲಾಸ್ಟಿಕ್ಕಿನೊಳಗೆ ಫೋನು ಒಣಗಿಯೇ ಇತ್ತು. ಅದರಲ್ಲಿ ಹೋಗದೇ ಉಳಿದ ಒಂದು ಫೋಟೊ. ಬರೀ ಬಿಳಿ. ಮಂಜನ್ನು ತೆಗೆದು ಕಳಿಸಲು ನೋಡಿದ್ದ.

"ಆ ಮರಳಿನ ಮೇಲೆ ಇಂಟರ್ನೆಟ್ ಸಿಗಲ್ಲ," ಅನ್ನುತ್ತಾರೆ ಬೆರಿಲ್. ಕೈ ಬೆಣ್ಣೆಯ ಚಾಕುವನ್ನು ಸುಮ್ಮನೆ ಒರೆಸುತ್ತಿದೆ. "ಕಾಲ್ ಮಾಡಿದ್ರೆ ಗಾಳೀಲಿ ಒಂದಕ್ಷರ ಕೇಳಲ್ಲ. ಫೋಟೊ ಹೋಗಲ್ಲ. ಹಳೇ ಕಾಲದ ಮೆಸೇಜ್ ಒಂದೇ ಹೇಗೋ ತೂರ್ಕೊಂಡು ಬರುತ್ತೆ. ಆ ಹುಡುಗನಿಗೆ ಎರಡು ಮಾತು ಬರೆಯೋಕೆ ಬಂದಿದ್ರೆ..." ಅವರು ಈ ವಾಕ್ಯವನ್ನು ಯಾವತ್ತೂ ಮುಗಿಸಿದ್ದಿಲ್ಲವಂತೆ.

ಅವರ ಪಾಠದಲ್ಲಿ ಎರಡೇ ಕಡ್ಡಾಯ. ಒಂದು, ಒದ್ದೆ ಬೆರಳಿಗೆ ಫೋನು ಮಣಿಯುವುದಿಲ್ಲವಾದ್ದರಿಂದ ಮೂಗಿನ ತುದಿಯಲ್ಲಿ ಬರೆಯಲು ಬರಬೇಕು. ಗಟ್ಟಿಮುಟ್ಟಾದ ಗಂಡಸರು ಸಾಲಾಗಿ ನಿಂತು ಮೂಗಿನಿಂದ ಫೋನು ಕುಟ್ಟುವುದನ್ನು ಕಂಡರೆ ಯಾರಿಗಾದರೂ ನಗು ತಡೆಯದು. ಇನ್ನೊಂದು, ಮರಳಿನಿಂದ ವಾಪಸ್ ಬಂದವರು ವ್ಯಾನಿನ ಮುಂದೆಯೇ ನಿಂತಿದ್ದರೂ 'ಐ ಆಮ್ ಬ್ಯಾಕ್' ಎಂದು ಕಳಿಸಲೇಬೇಕು. ಕಣ್ಣಿಗೆ ಕಂಡರೆ ಸಾಲದು, ಫೋನು ಟಿಂಗ್ ಎನ್ನಬೇಕು.

ಗಂಡ ಸ್ಟಾನ್ ಇದನ್ನೆಲ್ಲ ಆಡಿಕೊಳ್ಳುತ್ತಾರೆ. ಒಂದು ಕಾಲದಲ್ಲಿ ಇದೇ ಮರಳಿನ ಮೇಲೆ ಟ್ರ್ಯಾಕ್ಟರ್ ಓಡಿಸಿದವರು. ಮಂಡಿ ಕೆಟ್ಟ ಮೇಲೆ ಗುಡ್ಡದ ಮೇಲಿನ ಮನೆ ಬಿಟ್ಟು ದಂಡೆಗೆ ಇಳಿದಿಲ್ಲ. "ಬನ್ನಿಗೆ ಬೆಣ್ಣೆ ಹಚ್ಚೋದು ಬಿಟ್ಟು ದೊಡ್ಡ ಪ್ರೊಫೆಸರ್ ಆಗಿಬಿಟ್ಟಿದಾಳೆ," ಅನ್ನುತ್ತಾರೆ. ದಿನಾ ಬೆಳಿಗ್ಗೆ 'ಹೇಗಿದೆ?' ಎಂದು ಹೆಂಡತಿಗೆ ಒಂದು ಮೆಸೇಜು ಕಳಿಸುತ್ತಾರೆ. 'ಪರವಾಗಿಲ್ಲ' ಎಂದು ಉತ್ತರ ಹೋಗುತ್ತದೆ. ತಮ್ಮ ಈ ಹೆದರಿಕೆಯ ಸುದ್ದಿಯನ್ನು ಬೆರಿಲ್ ಗಂಡನಿಗೆ ಒಂದು ದಿನವೂ ಹೇಳಿದವರಲ್ಲ. ಈ ಸೀಮೆಯ ಜನವೇ ಹಾಗೆ, ಕಾಲು ಮುರಿದು ಬಿದ್ದಿದ್ದರೂ ಪರವಾಗಿಲ್ಲ ಎಂದೇ ಹೇಳಿ ಕಳಿಸುತ್ತಾರೆ.

ಸಾಲಿನ ಕೊನೆಯಲ್ಲಿ ನಿಂತವಳು ನ್ಯಿಮಾ ಸಾನ್ಯಾಂಗ್. ಗ್ಯಾಂಬಿಯಾದವಳು. ಅಲ್ಲಿನ ನದಿಯ ಕೆಸರಿನಲ್ಲಿ ತಾಯಿಯ ಜೊತೆ ಚಿಪ್ಪಿ ಆಯ್ದೇ ಬೆಳೆದವಳಾದ್ದರಿಂದ ಕುಂಟೆ ಹಿಡಿದರೆ ಗಂಡಸರೂ ಅವಳ ಹಿಂದೆ. ಬರೆಯಲು ಕಲಿತದ್ದು ಮಾತ್ರ ಈ ಕಿಟಕಿಯಲ್ಲಿ.

"ಆಂಟಿ, ನಿದ್ದೆ ಬಂತಾ? ಮನೆಯೋರು ಹೇಗಿದಾರೆ? ಸ್ಟಾನ್ ಮಂಡಿ ಹೇಗಿದೆ? ವ್ಯಾನ್ ಹೇಗಿದೆ?"

"ಎಲ್ಲಾ ಸರಿಯಾಗಿದೆ ಕಣೇ. ಬರಿ ನೀನು."

ನ್ಯಿಮಾ ಬೆರಿಲ್ ಅವರ ಅತಿ ಕಷ್ಟದ ಶಿಷ್ಯೆ. ಅಕ್ಷರದಲ್ಲಲ್ಲ, ಮರ್ಯಾದೆಯಲ್ಲಿ. ಅವಳ ಊರಿನಲ್ಲಿ ಎದುರು ಸಿಕ್ಕವರ ಮನೆ, ಮಕ್ಕಳು, ಕೆಲಸ ಎಲ್ಲವನ್ನೂ ವಿಚಾರಿಸದೆ ವಿಷಯಕ್ಕೆ ಬರುವುದು ಒರಟುತನ. ವಿಚಾರಿಸಿದವರಿಗೆ ಕೊಡುವ ಉತ್ತರವೂ ಒಂದೇ: ಎಲ್ಲಾ ಕ್ಷೇಮ. ಮೈ ಸುಡುತ್ತಿದ್ದರೂ, ಮನೆಯಲ್ಲಿ ಸಾವಾಗಿದ್ದರೂ ಮೊದಲು ಎಲ್ಲಾ ಕ್ಷೇಮ. ಅದರಲ್ಲೂ ಹಿರಿಯರ ಮುಂದೆ ಕೆಟ್ಟ ಸುದ್ದಿಯನ್ನು ಮುಖಕ್ಕೆ ಹೊಡೆದಂತೆ ಹೇಳಬಾರದು.

ಮೊದಮೊದಲು ಅವಳು ಮನೆ ಮಾಲೀಕನಿಗೆ ಬರೆದ ಮೆಸೇಜು ದಂಡೆಯಲ್ಲೆಲ್ಲ ಹೆಸರುವಾಸಿ. ಅಯ್ಯಾ ಹೇಗಿದ್ದೀರಿ, ನಿಮ್ಮ ಶ್ರೀಮತಿ ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ಇಲ್ಲಿ ಎಲ್ಲಾ ಕ್ಷೇಮ, ದೇವರು ನಿಮಗೆ ಆಯಸ್ಸು ಕೊಡಲಿ ಎಂದು ಉದ್ದಕ್ಕೆ ಹೋಗಿ, ತೀರ ಕೊನೆಯಲ್ಲಿ 'ಚಾವಣಿಯಿಂದ ಸ್ವಲ್ಪ ನೀರು ಬರುತ್ತಿದೆ' ಎಂದಿತ್ತು. ಆ ಪುಣ್ಯಾತ್ಮ ಮೊದಲ ಸಾಲು ಓದಿ ಯಾರೋ ಶುಭಾಶಯ ಕಳಿಸಿದ್ದಾರೆಂದು ಪಕ್ಕಕ್ಕಿಟ್ಟ. ಆ ವಾರವೇ ಚಾವಣಿ ಕಳಚಿ ಅವಳ ಮಂಚದ ಮೇಲೆ ಬಿತ್ತು.

"ಅವತ್ತು ಬಾಯಿಗೆ ಬಂದಂಗೆ ಬೈದೆ," ಎಂದು ಬೆರಿಲ್ ನೆನೆಯುತ್ತಾರೆ. "ಮೊದಲು ಅಪಾಯ, ಆಮೇಲೆ ಕುಶಲ. ಮೆಸೇಜಲ್ಲಿ ಇದೇ ಮರ್ಯಾದೆ ಅಂದೆ. ಇವಳೇನಂದ್ಲು ಗೊತ್ತಾ?"

ನ್ಯಿಮಾ ಕಿಟಕಿಯಾಚೆಯಿಂದಲೇ ಉತ್ತರ ಹೇಳುತ್ತಾಳೆ. "ನಿಮ್ಮೂರಲ್ಲೂ ಅದೇ ತಾನೇ ಆಂಟಿ ಅಂದೆ. ಸಾಯ್ತಾ ಇದ್ರೂ ನೀವು 'ಪರವಾಗಿಲ್ಲ' ಅನ್ನಲ್ವಾ? ನಾವು ಎಲ್ಲಾ ಕ್ಷೇಮ ಅಂತೀವಿ. ನಮ್ಮದು ಕೇಳೋಕಾದ್ರೂ ಚೆನ್ನಾಗಿದೆ."

"ನೋಡಿ, ನಾಲಿಗೆ ನೋಡಿ ಇವಳದು!"

ಆದರೂ ಕ್ರಿಸ್ಮಸ್ ಹೊತ್ತಿಗೆ ಬೆರಿಲ್ ಗೆದ್ದರು. ಕುಶಲ ಕೇಳುವುದಿದ್ದರೆ ಕಿಟಕಿಯಲ್ಲಿ ಕೇಳು, ಮೆಸೇಜಿನಲ್ಲಿ ಬೇಡ ಎಂಬ ಒಪ್ಪಂದಕ್ಕೆ ನ್ಯಿಮಾ ಬಂದಳು. ಈಗ ಅವಳು ಬೆನ್ನು ತಿರುಗಿಸಿ ನಿಂತು ಇವತ್ತಿನ ವಾಕ್ಯವನ್ನು ತಪ್ಪಿಲ್ಲದೆ ಕಳಿಸಿ, ಶುಂಠಿ ಬಿಸ್ಕತ್ತು ಕಿತ್ತುಕೊಂಡು ಹೊರಡುತ್ತಾಳೆ.

ಮರಳಿನ ದಾರಿಗಳನ್ನು ಬಲ್ಲ ಮುದುಕ ವಿಲ್ಫ್ ತಮ್ಮ ನಾಲ್ಕು ಗಾಲಿಯ ಬೈಕಿನಲ್ಲಿ ಆಗಲೇ ಒಂದು ಸುತ್ತು ಹೋಗಿ ಬಂದಿದ್ದಾರೆ. ಅವರು ಕೈಯೆತ್ತಿದ ಮೇಲೆ ರುಮೆನ್ ಟ್ರ್ಯಾಕ್ಟರ್ ಮುಂದೆ, ಉಳಿದವರು ಹಿಂದೆ. ಸ್ವಲ್ಪ ಹೊತ್ತಿಗೆ ಎಲ್ಲರೂ ದೂರದಲ್ಲಿ ಇರುವೆ ಸಾಲಿನಷ್ಟಾಗುತ್ತಾರೆ. ಬೆರಿಲ್ ಕೌಂಟರ್ ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

ಬಿಸಿಲು ಬರಬೇಕಿದ್ದ ಹೊತ್ತಿಗೆ ಮಂಜು ಬರುತ್ತದೆ. ಮೊದಲು ಆಚೆ ದಡದ ಚರ್ಚಿನ ಗೋಪುರ ಮರೆಯಾಗುತ್ತದೆ, ಆಮೇಲೆ ಬಯಲಿನ ನಡುವಿನ ಮುರಿದ ಕಂಬ, ಆಮೇಲೆ ಇಳಿಜಾರಿನ ಬುಡ. ಬೆರಿಲ್ ಸ್ಟವ್ ಆರಿಸುತ್ತಾರೆ. ವಾಪಸ್ ಹೊರಡಿ ಎಂದು ದಂಡೆಯಲ್ಲಿದ್ದ ವಿಲ್ಫ್ ವಾಕಿಟಾಕಿಯಲ್ಲಿ ರುಮೆನ್‌ಗೆ ಆಗಲೇ ಕೂಗಿ ಹೇಳಿದ್ದಾರೆ. ಮಂಜಿನೊಳಗೆ ಟ್ರ್ಯಾಕ್ಟರಿನ ಸದ್ದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೇಳುತ್ತದೆ. ಕಡೆಗೂ ಅದು ಇಳಿಜಾರು ಹತ್ತುತ್ತದೆ. ಫೋನು ಒಂದರ ಹಿಂದೊಂದು ಟಿಂಗ್ ಟಿಂಗ್ ಎನ್ನುತ್ತದೆ. ಐ ಆಮ್ ಬ್ಯಾಕ್. ಐ ಆಮ್ ಬ್ಯಾಕ್. ಬೆರಿಲ್ ಒಂದೊಂದು ಹೆಸರನ್ನೂ ಬಾಯಲ್ಲಿ ಹೇಳಿಕೊಳ್ಳುತ್ತಾರೆ.

"ನ್ಯಿಮಾ ಎಲ್ಲಿ?"

ರುಮೆನ್ ಹಿಂದೆ ತಿರುಗಿ ನೋಡುತ್ತಾನೆ. "ಜರಡಿ ಮರೆತೆ, ತಗೊಂಡು ಬರ್ತೀನಿ, ನೀವು ನಡೀರಿ ಅಂದ್ಲು. ಹಿಂದೆನೇ ಇದಾಳೆ ಅಂದ್ಕೊಂಡೆ ಟೀಚರಮ್ಮ. ದೇವರಾಣೆ, ಹಿಂದೆನೇ ಇದ್ಲು."

ನೀರು ತಿರುಗುವ ಹೊತ್ತು ಸಮೀಪಿಸಿದೆ ಎಂದು ಯಾರೂ ಹೇಳಬೇಕಿಲ್ಲ. ಎಲ್ಲಿದ್ದೀಯ ಎಂದು ಬೆರಿಲ್ ಬರೆದು ಕಳಿಸುತ್ತಾರೆ. ಎಲ್ಲರೂ ಕಿಟಕಿಗೆ ಮುತ್ತಿಕೊಳ್ಳುತ್ತಾರೆ. ಫೋನು ಸುಮ್ಮನಿದೆ. ಸುಮ್ಮನಿದೆ. ಟಿಂಗ್.

'ಎಲ್ಲಾ ಕ್ಷೇಮ ಆಂಟಿ. ಸ್ಟಾನ್ ಮಂಡಿ ಹೇಗಿದೆ?'

ರುಮೆನ್ ಟೋಪಿ ತೆಗೆದು ಜೋರಾಗಿ ಉಸಿರು ಬಿಡುತ್ತಾನೆ. ಯಾರೋ ನಗುತ್ತಾರೆ. ವಿಲ್ಫ್ ಬೈಕಿಗೆ ಒರಗುತ್ತಾರೆ. "ಮಂಡಿ ವಿಚಾರಿಸ್ತಿದಾಳೆ ಅಂದ್ರೆ ಆರಾಮಾಗಿದಾಳೆ ಮಾರಾಯ್ತಿ. ಜೀವ ಬಾಯಿಗೆ ಬಂದಿತ್ತು. ಬರ್ತಾಳೆ ಬಿಡು."

ಬೆರಿಲ್ ನಗುವುದಿಲ್ಲ. ಅವರು ಕೌಂಟರಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾರೆ.

"ವಿಲ್ಫ್, ಬೈಕ್ ಸ್ಟಾರ್ಟ್ ಮಾಡು."

"ಅಲ್ಲ, ಅವಳೇ ಕ್ಷೇಮ ಅಂತ..."

"ಕ್ರಿಸ್ಮಸ್ಸಿಂದ ಈಚೆ ಅವಳು ಮೆಸೇಜಲ್ಲಿ ಒಂದು ದಿನ ಮಂಡಿ ಕೇಳಿಲ್ಲ! ಬಿಡಿಸಿದ್ದು ನಾನೇ. ಈಗ ಮತ್ತೆ ಬಂದಿದೆ. ಹೆದರಿದಾಳೆ ವಿಲ್ಫ್. ಹೆದರಿ, ನಾನು ಹೇಳಿಕೊಟ್ಟಿದ್ದೆಲ್ಲ ಮರೆತು ಅವರಮ್ಮ ಹೇಳಿಕೊಟ್ಟಿದ್ದನ್ನ ಹೇಳ್ತಿದಾಳೆ."

ವಿಲ್ಫ್ ರಕ್ಷಣಾ ದಳಕ್ಕೆ ಫೋನು ಮಾಡುತ್ತಾರೆ. ಹೊರಡುತ್ತೇವೆ, ಆದರೆ ಈ ಮಂಜಿನಲ್ಲಿ ಎಲ್ಲಿ ಎಂದು ಹುಡುಕುವುದು, ಜಾಗ ಹೇಳಿ ಅನ್ನುತ್ತಾರೆ ಆ ಕಡೆಯವರು. ಜಾಗ ಯಾರಿಗೆ ಗೊತ್ತು? ದೂರದಲ್ಲಿ ಕಡಲಿನ ಕಡೆಯಿಂದ ತೇಲುಗಂಟೆ ಒಂದು ಸಲ ಢಣ್ ಎನ್ನುತ್ತದೆ. ಮರಳಿನ ಮೇಲೆ ಮಲಗಿದ್ದ ಗಂಟೆಯನ್ನು ನೀರು ಎತ್ತಿತು ಎಂದು ಅರ್ಥ.

ಬೆರಿಲ್ ಬರೆಯುತ್ತಾರೆ. ಪಕ್ಕದಿಂದ ಬಗ್ಗಿ ನೋಡಿದ ವಿಲ್ಫ್ ಕೆಂಡವಾಗುತ್ತಾರೆ.

"'ಸ್ಟಾನ್ ಮಂಡಿ ಕ್ಷೇಮ. ನಾನು ಕ್ಷೇಮ. ವ್ಯಾನ್ ಕ್ಷೇಮ.' ಏನ್ ಹುಚ್ಚಾ ನಿಂಗೆ? ನೀರು ಬರ್ತಿದೆ, ಕುಶಲ ಮಾತಾಡೋ ಹೊತ್ತಾ ಇದು?"

"ಬಾಗಿಲಲ್ಲಿ ನಿಂತಿರೋಳನ್ನ ಒಳಗೆ ಕರೀಬೇಕು ಕಣೋ. ಕರೀದೆ ಅವಳು ವಿಷಯ ಹೇಳಲ್ಲ." ಹೆಬ್ಬೆರಳು ನಿಲ್ಲುವುದಿಲ್ಲ. 'ಇಲ್ಲಿ ಎಲ್ಲರೂ ಕ್ಷೇಮ. ಈಗ ನಿನ್ನ ಸುದ್ದಿ ಹೇಳು ಪುಟ್ಟಿ.'

ಇಷ್ಟು ದಿನ ಕುಶಲವನ್ನು ಹೊಡೆದು ಓಡಿಸಿದ ಟೀಚರಮ್ಮ ಈಗ ಅದನ್ನೇ ಒಂದೊಂದಾಗಿ ಮುಗಿಸಿಕೊಟ್ಟು ಕಾಯುತ್ತಾರೆ. ಗಂಟೆ ಮತ್ತೆ ಢಣ್ ಎನ್ನುತ್ತದೆ. ಈ ಸಲ ನಿಲ್ಲದೆ.

ಟಿಂಗ್. 'ನೀರು. ಬೂಟೊಳಗೆ. ಏನೂ ಕಾಣಲ್ಲ.'

"ಅಯ್ಯೋ ದೇವರೇ," ಎಂದು ರುಮೆನ್ ವಾಕಿಟಾಕಿ ಎತ್ತಿಕೊಳ್ಳುತ್ತಾನೆ.

ಆಮೇಲೆ ನಡೆದದ್ದು ದಿನವೂ ಈ ಕಿಟಕಿಯಲ್ಲಿ ನಡೆಯುವ ಪಾಠವೇ, ನಗು ಮಾತ್ರ ಇಲ್ಲ. ಬೆರಿಲ್ ಒಂದೊಂದೇ ಪದ ಕಳಿಸುತ್ತಾರೆ, ಒಂದೊಂದೇ ಪದ ಹಿಂದಿರುಗುತ್ತದೆ. ಗಾಳಿ? ಎಡಗೆನ್ನೆ. ಗಂಟೆ? ಹಿಂದೆ. ಮರಳು? ಮೆತ್ತಗೆ. ಅಕ್ಷರಗಳು ಎಲ್ಲೆಲ್ಲೋ ಬಿದ್ದಿವೆ. ಮೂಗಿನಲ್ಲಿ ಬರೆಯುತ್ತಿದ್ದಾಳೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ವಿಲ್ಫ್ ಕಣ್ಣು ಮುಚ್ಚಿ ಕೈ ಮುಂದೆ ಚಾಚಿ ನಿಲ್ಲುತ್ತಾರೆ, ಬಯಲು ಅವರ ತಲೆಯೊಳಗಿದೆ. "ಗಂಟೆ ಬೆನ್ನಿಗೆ, ಗಾಳಿ ಎಡಕ್ಕೆ... ಮುರಿದ ಕಂಬದಿಂದ ಆಚೆ ಇದಾಳೆ. ಮನೆ ಕಡೆ ಬರ್ತಿದೀನಿ ಅಂದ್ಕೊಂಡು ನೇರ ಕಾಲುವೆಗೆ ನಡೀತಿದಾಳೆ. ನಿಲ್ಲೋಕೆ ಹೇಳು! ಒಂದು ಹೆಜ್ಜೆ ಮುಂದಿಡಬಾರ್ದು!"

'ನಿಲ್ಲು. ನಡೀಬೇಡ. ಹಾರ್ನ್ ಕೇಳಿದ್ರೆ ಬರಿ.'

ಬೈಕು ಮಂಜಿನೊಳಗೆ ನುಗ್ಗಿ ಕಾಣೆಯಾಗುತ್ತದೆ. ವಾಕಿಟಾಕಿ ಹಿಡಿದು ರುಮೆನ್ ಕಿಟಕಿಗೆ ಅಂಟಿಕೊಂಡಿದ್ದಾನೆ. ದೂರದಲ್ಲಿ ಹಾರ್ನು ಮೊಳಗುತ್ತದೆ. ಮತ್ತೆ ಮೊಳಗುತ್ತದೆ. ಟಿಂಗ್. 'ಹಾರ್ನ್ ಬಲಕ್ಕೆ.' ರುಮೆನ್ ವಾಕಿಟಾಕಿಯೊಳಕ್ಕೆ ಕಿರುಚುತ್ತಾನೆ, "ಅವಳ ಬಲಕ್ಕಿದೀರಿ, ಅವಳ ಬಲಕ್ಕೆ!" ಟಿಂಗ್. 'ನೀರು ಮೇಲೆ ಬಂತು. ಕಾಲು ಬರಲ್ಲ.'

ಅದಾದ ಮೇಲೆ ಏನೂ ಬರುವುದಿಲ್ಲ.

ಬೆರಿಲ್ ಬರೆಯುತ್ತಾರೆ. ಉತ್ತರವಿಲ್ಲ. ಮತ್ತೆ ಬರೆಯುತ್ತಾರೆ. ವಾಕಿಟಾಕಿಯಲ್ಲಿ ಬರೀ ಗೊರಗೊರ ಸದ್ದು. ಹಾರ್ನೂ ನಿಂತಿದೆ. ಈಗ ಆ ಮಂಜು ಲಿವಿಯುವಿನ ಫೋನಿನಲ್ಲಿದ್ದ ಚಿತ್ರವೇ, ಅಂಚಿನಿಂದ ಅಂಚಿಗೆ ಬಿಳಿ. ಬೆರಿಲ್ ಅದನ್ನು ನೋಡಲಾರದೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಳ್ಳುತ್ತಾರೆ. ತುಟಿ ಅಲುಗುತ್ತಿದೆ. ಪ್ರಾರ್ಥನೆಯೋ, ಬೈಗುಳವೋ, ಯಾರಿಗೂ ಕೇಳಿಸುವುದಿಲ್ಲ.

ಫೋನು ಎದೆಯ ಮೇಲೆಯೇ ಟಿಂಗ್ ಎನ್ನುತ್ತದೆ.

'ಐ ಆಮ್ ಬ್ಯಾಕ್.'

ಇನ್ನೂ ಯಾರೂ ಕಾಣುತ್ತಿಲ್ಲ. ಓದಿದ ಮೇಲೆಯೇ ಬೈಕಿನ ದೀಪ ಇಳಿಜಾರಿನ ಬುಡದಲ್ಲಿ ಮಸುಕಾಗಿ ಹೊಳೆಯುತ್ತದೆ. ವಿಲ್ಫ್ ಅವರ ಬೆನ್ನಿಗೆ ಕವುಚಿಕೊಂಡು ನ್ಯಿಮಾ ಕೂತಿದ್ದಾಳೆ. ಸೊಂಟದವರೆಗೆ ಕೆಸರು, ಕಾಲಿನಲ್ಲಿ ಬೂಟುಗಳಿಲ್ಲ. ಹುದುಲಿಗೆ ಅವನ್ನು ಬಿಟ್ಟುಕೊಟ್ಟು ಕಾಲು ಕಿತ್ತುಕೊಂಡಿದ್ದಾಳೆ. ಕುತ್ತಿಗೆಗೆ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಫೋನು ತೂಗುತ್ತಿದೆ. ನಿಯಮ ನಿಯಮವೇ ಎಂದು ದಡ ಮುಟ್ಟುತ್ತಿದ್ದಂತೆ ಮೊದಲು ಮೆಸೇಜು ಕಳಿಸಿದ್ದಾಳೆ.

ರುಮೆನ್ ತನ್ನ ಕೋಟು ಬಿಚ್ಚಿ ಹೊದಿಸಿ ಅವಳನ್ನು ಎತ್ತಿಕೊಂಡೇ ಬಂದು ವ್ಯಾನಿನ ಮೆಟ್ಟಿಲಿನ ಮೇಲೆ ಕೂರಿಸುತ್ತಾನೆ. ಬೆರಿಲ್ ಕೆಳಗಿಳಿದು ಅವಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿಯುತ್ತಾರೆ. ಮೂಗಿನ ತುದಿ ಕೆಂಪಾಗಿ ಸುಲಿದಿದೆ.

"ಹೇಗಿದ್ದೀಯೇ ಪುಟ್ಟಿ?"

ನ್ಯಿಮಾಳ ಹಲ್ಲು ಕಟಕಟ ಅನ್ನುತ್ತಿದೆ. 'ಎಲ್ಲಾ' ಎಂದು ತುಟಿ ತೆರೆಯುತ್ತಾಳೆ. ಅಲ್ಲಿಗೇ ನಿಲ್ಲಿಸುತ್ತಾಳೆ.

"ಭಯ ಆಯ್ತು ಆಂಟಿ," ಅನ್ನುತ್ತಾಳೆ. "ತುಂಬಾ ಭಯ ಆಯ್ತು." ಬೆರಿಲ್ ಅವರ ಹೆಗಲಿಗೆ ಮುಖ ಒತ್ತಿ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಅಳು ಸ್ವಲ್ಪ ಇಳಿದ ಮೇಲೆ ಮೂಗು ಒರೆಸಿಕೊಂಡು ತಲೆಯೆತ್ತುತ್ತಾಳೆ. "ಸ್ಟಾನ್ ಮಂಡಿ ನಿಜವಾಗ್ಲೂ ಹೇಗಿದೆ?"

ಬೆರಿಲ್‌ಗೆ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ. ಎರಡನ್ನೂ ಮಾಡುತ್ತಾರೆ. ವಿಲ್ಫ್ ಮಾತ್ರ ಆಚೆ ತಿರುಗಿ ಬೈಕಿನ ಕನ್ನಡಿ ಒರೆಸುತ್ತಾ ನಿಂತಿದ್ದಾರೆ.

ಆಂಬುಲೆನ್ಸಿನವರು ಬಂದು ನ್ಯಿಮಾಳನ್ನು ಕರೆದೊಯ್ಯುತ್ತಾರೆ. ಮಂಜು ತೆಳ್ಳಗಾಗುತ್ತದೆ. ಬೆಳಿಗ್ಗೆ ಮರಳಿದ್ದಲ್ಲಿ ಈಗ ಏನೂ ನಡೆದೇ ಇಲ್ಲವೆಂಬಂತೆ ಬೂದು ನೀರು ಹರಡಿಕೊಂಡಿದೆ. ನಿಮ್ಮ ಆಸೆ ಏನು ಎಂದು ಬೆರಿಲ್ ಅವರನ್ನು ಕೇಳಿ, ಸನ್ಮಾನವೋ, ಹೊಸ ವ್ಯಾನೋ ಇರಬಹುದು ಎಂದುಕೊಂಡವರಿಗೆ ಸಿಗುವ ಉತ್ತರ ಇಷ್ಟು: "ಒಂದು ದಿನ ಬೆಳಿಗ್ಗೆ ಇಲ್ಲಿ ನಿಂತು ನಂಗೆ ಬೇಜಾರಾಗ್ಬೇಕು. ಹೆದರಿಕೆ ಇಲ್ದೆ ಬರೀ ಬೇಜಾರು. ಆಕಳಿಸ್ಬೇಕು. ಅಷ್ಟೇ."

ಫೋನು ಟಿಂಗ್ ಎನ್ನುತ್ತದೆ. ಸ್ಟಾನ್ ಅವರ ಮೆಸೇಜು. ಹಾರ್ನು, ಆಂಬುಲೆನ್ಸಿನ ಸದ್ದು ಗುಡ್ಡದವರೆಗೂ ಕೇಳಿಸಿದೆ. 'ಹೇಗಿದೆ?'

ಬೆರಿಲ್ ಅಭ್ಯಾಸಬಲದಿಂದ 'ಪರವಾಗಿಲ್ಲ' ಎಂದು ಬರೆಯುತ್ತಾರೆ. ಕಳಿಸುವುದಿಲ್ಲ. ನ್ಯಿಮಾ ಕೂತಿದ್ದ ಮೆಟ್ಟಿಲಿನ ಮೇಲೆ ಕೆಸರು ಇನ್ನೂ ಹಸಿಯಾಗಿದೆ. ಅದನ್ನೇ ನೋಡುತ್ತಾ ಬರೆದದ್ದನ್ನು ಅಳಿಸುತ್ತಾರೆ. ಹೊಸದಾಗಿ ಬರೆಯಲು ಬಹಳ ಹೊತ್ತು ಹಿಡಿಯುತ್ತದೆ. ಇಷ್ಟು ವರ್ಷಗಳ ಸಂಸಾರದಲ್ಲಿ ಬರೆಯದ ಮಾತು.

'ತುಂಬಾ ಹೆದರಿದ್ದೆ. ದಿನಾ ಹೆದರ್ತೀನಿ. ಈಗ ಎಲ್ಲರೂ ಬಂದರು. ನಿನ್ನ ಮಂಡಿ ಹೇಗಿದೆ?'

ಕಳಿಸಿಬಿಟ್ಟು, ತಪ್ಪು ಮಾಡಿದವರಂತೆ ಫೋನನ್ನು ಬನ್ನಿನ ಬುಟ್ಟಿಯ ಹಿಂದೆ ಇಟ್ಟು ಬಾಣಲೆ ತಿಕ್ಕಲು ನಿಲ್ಲುತ್ತಾರೆ. ಫೋನು ಟಿಂಗ್ ಎಂದರೂ ತಕ್ಷಣ ತೆಗೆಯುವುದಿಲ್ಲ. ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಆಮೇಲೆ ಓದುತ್ತಾರೆ.

'ಕೋಟು ಹಾಕಿಕೊಂಡೆ. ಬರ್ತಿದ್ದೀನಿ.'

"ಆ ಮಂಡಿ ಇಟ್ಕೊಂಡು ಗುಡ್ಡ ಹೇಗಿಳೀತಾನೆ ಈ ಮುದುಕ!" ಎಂದು ಬೈಯುತ್ತಾ ಬೆರಿಲ್ ಆರಿಸಿದ್ದ ಸ್ಟವ್ ಮತ್ತೆ ಹಚ್ಚುತ್ತಾರೆ, ನೀರು ಇಡುತ್ತಾರೆ. ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಗುಡ್ಡದ ರಸ್ತೆಯನ್ನು ನೋಡುತ್ತಾರೆ. ಆಮೇಲೆ ಮತ್ತೊಮ್ಮೆ ಫೋನನ್ನು ನೋಡಿ, ರುಮೆನ್‌ಗೂ ತಿರುಗಿಸಿ ತೋರಿಸುತ್ತಾರೆ.

"ನೋಡೋ. ಚಿಕ್ಕದಾಗಿ ಬರೆದಿದಾನೆ. ನನ್ನ ಕ್ಲಾಸಿಗೆ ಒಂದು ದಿನ ಬಂದೋನಲ್ಲ."